ಎಮ್ಮೆ ತಿಂದ ಅಳತೆ

ಆಗ ನನಗೆ ಎಪ್ಪತ್ತೊಂದು. ಇದಾಗಿ ಮೂರು ವರ್ಷವಾಯಿತು. ಆಧಾರ ಕಾರ್ಡಿನಲ್ಲಿ ಎರಡು ವರ್ಷ ಕಡಿಮೆ ಬರೆದಿದ್ದಾರೆ. ನನ್ನ ಮೊಣಕಾಲು ಆ ಕಾರ್ಡನ್ನು ನಂಬುವುದಿಲ್ಲ.

ನಮ್ಮ ಪಡಸಾಲೆಯ ಗೂಟಕ್ಕೆ ಒಂದು ಜೋಳದ ಕಣಿಕೆಯ ತುಂಡು ನೇತಾಡುತ್ತದೆ. ಕಣಿಕೆ ಎಂದರೆ ತೆನೆ ಮುರಿದ ಮೇಲೆ ದನಕ್ಕೆ ಹಾಕುವ ಒಣ ದಂಟು. ಈ ತುಂಡಿನ ಒಂದು ತುದಿ ನೆಟ್ಟಗೆ ಮುರಿದದ್ದು, ಇನ್ನೊಂದು ತುದಿ ಜಗಿದು ನಾರು ನಾರಾದದ್ದು. ದೀಪಾವಳಿಗೆ ಸುಣ್ಣ ಬಳಿಯುವಾಗಲೆಲ್ಲ ನನ್ನ ಸೊಸೆ ಗಂಗವ್ವ ಅದನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಾಳೆ.

“ಅತ್ತೀ, ಇದನ್ನ ತಿಪ್ಪಿಗೆ ಒಗೀಲೇನ್ರಿ?”

“ಒಗದು ನೋಡು.”

ಅಲ್ಲಿಗೆ ಮುಗಿಯಿತು. ಮತ್ತೆ ಗೂಟಕ್ಕೇ ಹಾಕುತ್ತಾಳೆ. ಬಂದ ಬೀಗರು ಅದು ಯಾವ ದೇವರ ಹರಕೆ ಎಂದು ಕೇಳುತ್ತಾರೆ. ದೇವರದ್ದಲ್ಲ, ನಮ್ಮ ಜೀಪಿನದು ಎನ್ನುತ್ತೇನೆ. ಅವರು ನನ್ನನ್ನು ಇನ್ನೊಂದು ಸಲ ನೋಡಿ, ಸುಮ್ಮನೆ ಚಹಾ ಕುಡಿಯುತ್ತಾರೆ. ನಿಮಗಾದರೂ ಪೂರಾ ಹೇಳಿಬಿಡುತ್ತೇನೆ.

ನಮ್ಮೂರು ಸೊರಟೂರ. ಜೀಪು ನನ್ನ ಮಗ ಈರಣ್ಣನದು. ಆ ವರ್ಷ ಶ್ರಾವಣ ಮುಗಿಯುತ್ತಲೇ ಗದಗಿನಿಂದ ತಾನೇ ಹೊಡೆದುಕೊಂಡು ಬಂದ. ಕರಿ ಬಣ್ಣ, ಮೈಯೆಲ್ಲ ಚೌಕ ಚೌಕ, ನಾಲ್ಕೂ ಗಾಲಿ ಎಳೆಯುವಂಥದು. ಬೇರೆ ಕಾರುಗಳಲ್ಲಿ ಎರಡೇ ಗಾಲಿ ಎಳೆಯುತ್ತವೆ, ಉಳಿದೆರಡು ಸುಮ್ಮನೆ ಜೊತೆಗೆ ಉರುಳುತ್ತವೆ ಎಂಬುದು ನನಗೆ ಗೊತ್ತಾದದ್ದೇ ಆವತ್ತು. ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ, ನಮ್ಮ ಮನೆತನವೂ ಹಾಗೇ ನಡೆದುಕೊಂಡು ಬಂದಿದೆ. ಎಳೆಯುವವರು ಇಬ್ಬರು, ಉರುಳುವವರು ಇಬ್ಬರು.

ಗಂಗವ್ವ ಆರತಿ ಮಾಡಿದಳು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಓಣಿಯವರು ಬಾಗಿಲು ತೆಗೆದು ಮುಚ್ಚಿ, ಗಾಜು ಇಳಿಸಿ ಏರಿಸಿ ನೋಡಿದರು. ನಾನು ಎರಡು ಸುತ್ತು ಹಾಕಿ, ಸೊಂಟ ಹಿಡಿದುಕೊಂಡು ಬಗ್ಗಿ, ಅದರ ಹೊಟ್ಟೆಯ ಕೆಳಗೆ ನೋಡಿದೆ. ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ. ನನಗೆ ಬೇಕಾಗಿದ್ದದ್ದು ಹೊಟ್ಟೆ.

ಯಾಕೆಂದರೆ ನಮ್ಮ ಬನ್ನಿಗಿಡದ ಹೊಲ. ಊರಿನಿಂದ ಮೂರು ಮೈಲಿ. ಎರಡು ಮೈಲಿ ಡಾಂಬರು, ಆಮೇಲೆ ಒಂದು ಮೈಲಿ ಬಂಡಿದಾರಿ, ಅದೂ ಶುದ್ಧ ಎರೆ, ಕರಿ ಜಿಗುಟು ಮಣ್ಣು. ಬೇಸಿಗೆಯಲ್ಲಿ ಪಾದ ಇಳಿಯುವಷ್ಟು ಬಿರುಕು. ಮಳೆಯಲ್ಲಿ ಇಳಿದ ಪಾದ ಹೊರಗೆ ಬರುವುದಿಲ್ಲ. ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ಎರಡು ಕಡೆ ಗಾಲಿಯ ಕೊರಕಲು ಬಿದ್ದಿವೆ, ನಡುವೆ ಉದ್ದಕ್ಕೂ ದಿಣ್ಣೆ ಎದ್ದಿದೆ. ಗಾಲಿ ಕೊರಕಲಲ್ಲಿ ಇಳಿದರೆ ಗಾಡಿಯ ಹೊಟ್ಟೆ ದಿಣ್ಣೆಯ ಮೇಲೆ ಕೂರುತ್ತದೆ. ಹೊಟ್ಟೆ ಕೂತ ಮೇಲೆ ನಾಲ್ಕಲ್ಲ, ನಲವತ್ತು ಗಾಲಿ ಎಳೆದರೂ ಅಷ್ಟೇ.

ಶೀಗಿ ಹುಣ್ಣಿಮೆಗೆ ನಮ್ಮ ಕಡೆ ಭೂಮಿತಾಯಿ ಬಸುರಿ. ಬಸುರಿಯ ಬಯಕೆಗೆ ಅಂತ ಕಡುಬು, ಹೋಳಿಗೆ, ಸಜ್ಜೆರೊಟ್ಟಿ, ಪುಂಡಿಪಲ್ಯ ಎಲ್ಲ ಮಾಡಿ ಹೊಲಕ್ಕೆ ಒಯ್ದು, ಐದು ಕಲ್ಲು ಇಟ್ಟು ಪೂಜೆ ಮಾಡಿ, ಎಡೆಯನ್ನು ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ಮದುವೆಯಾಗಿ ಬಂದಾಗಿನಿಂದ ಐವತ್ತಮೂರು ವರ್ಷ ನಾನು ಒಂದು ಚರಗವನ್ನೂ ತಪ್ಪಿಸಿರಲಿಲ್ಲ. ಈರಣ್ಣ ಎಂಟು ತಿಂಗಳಾಗಿ ಹೊಟ್ಟೆಯಲ್ಲಿದ್ದಾಗಲೂ ಹೋಗಿ, ಬಸುರಿಗೆ ಬಸುರಿಯೇ ಬಡಿಸಿ ಬಂದಿದ್ದೆ.

ಜೀಪು ಬರುವುದಕ್ಕೆ ಹಿಂದಿನ ವರ್ಷ ತಪ್ಪಿತು. ಟ್ರ್ಯಾಕ್ಟರಿನ ಟ್ರೇಲರ್ ಹತ್ತಲಿಕ್ಕೆ ನನ್ನ ಬಲ ಮೊಣಕಾಲು ಒಪ್ಪಲಿಲ್ಲ. ಈರಣ್ಣ, ಗಂಗವ್ವ ಇಬ್ಬರೇ ಬುಟ್ಟಿ ಹೊತ್ತುಕೊಂಡು ಹೋದರು. ಹೋದವರು ತಾಸಿನೊಳಗೆ ವಾಪಸು ಬಂದರು.

“ಚರಗ ಆತೇನು?” ಎಂದೆ.

“ಆತು ಯವ್ವಾ.”

“ಬನ್ನಿಗಿಡದ ಕೆಳಗ ಪೂಜಿ ಮಾಡಿದ್ರೇನು?”

ಈರಣ್ಣ ಅಂಗಿಯ ಗುಂಡಿ ಬಿಚ್ಚುತ್ತ ಗೋಡೆ ನೋಡಿದ. “ಟ್ರ್ಯಾಕ್ಟರ್ ತಿರುವಿನ್ಯಾಗ ಸಿಕ್ಕೊಂಡಿತು. ರಸ್ತೆ ಬಾಜೂಕ ಚೆಲ್ಲಿ ಬಂದ್ವಿ.”

ನಾನೇನು ಅಳಲಿಲ್ಲ. ಸಿಟ್ಟು ಬಂತು. ಬಸುರಿಯ ಊಟವನ್ನು ಅವಳ ಮನೆ ಮುಟ್ಟಿಸದೆ ದಾರಿಯಲ್ಲಿ ಸುರಿದು ಬಂದರೆ ಯಾರಾದರೂ ಸುಮ್ಮನಿರುತ್ತಾರೆಯೇ? ಆವತ್ತೇ ಅಂದುಕೊಂಡೆ, ಬರುವ ವರ್ಷ ನಾನೇ ಹೋಗುವವಳು, ಹೊಲಕ್ಕೇ ಹೋಗುವವಳು. ಹೇಗೆ ಎಂದು ಗೊತ್ತಿರಲಿಲ್ಲ. ಜೀಪು ಅಂಗಳದಲ್ಲಿ ಬಂದು ನಿಂತಾಗ ಗೊತ್ತಾಯಿತು. ನಿಜ ಹೇಳುತ್ತೇನೆ, ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೊಸ ಸೀರೆಗೂ ನಾನು ಅಷ್ಟು ಕುಣಿದವಳಲ್ಲ.

ಆದರೆ ಈರಣ್ಣನ ತಲೆಯಲ್ಲಿ ಬೇರೆ ಗಾಳಿ ಹೊಕ್ಕಿತ್ತು. ಲಕ್ಷ್ಮೇಶ್ವರದಲ್ಲಿ ಅವನ ಗೆಳೆಯನೊಬ್ಬ ಇಂಥದೇ ಜೀಪು ತೆಗೆದುಕೊಂಡು, ನಾಲ್ಕು ಇಂಚು ಎತ್ತರ ಮಾಡಿಸಿ, ಮೈಯಿಂದ ಹೊರಗೆ ಬರುವಂಥ ಅಗಲ ಟೈರು ಹಾಕಿಸಿದ್ದನಂತೆ. ಅದರ ಚಿತ್ರವನ್ನು ಫೋನಿನಲ್ಲಿ ನನಗೂ ತೋರಿಸಿದ. ಲಂಗ ಎತ್ತಿ ಕಟ್ಟಿಕೊಂಡು ಹಳ್ಳ ದಾಟುವ ಹೆಂಗಸಿನ ಹಾಗೆ ಕಂಡಿತು.

“ಬಜಾರದಾಗ ನಿಂದರ್ಸಿದರ ಮಂದಿ ತಿರುಗಿ ನೋಡತಾರ ಯವ್ವಾ.”

“ಮಂದಿ ನೋಡೂದಿರಲಿ. ಹೊಲಕ್ಕ ಹೋಗಿತ್ತೇನದು?”

“ಅಂವಗ ಹೊಲ ಇಲ್ಲ.”

“ಹಂಗಂತೀನಿ.”

ಆಮೇಲೆ ನಾನು ಜೀಪು ಹತ್ತಿ ನೋಡಿದೆ. ಬಲಗಾಲು ಎತ್ತಿದೆ, ಮೊಣಕಾಲು ಕಟ್ ಅಂದಿತು, ಒಳಗಿನ ಹಿಡಿಕೆ ಹಿಡಿದು ತೂಗಿಕೊಂಡು ಅಂತೂ ಕೂತೆ. ಇದಕ್ಕಿಂತ ಎರಡು ಬೆರಳು ಎತ್ತರ ಆದರೂ ನನ್ನಿಂದ ಆಗುವುದಿಲ್ಲ ಎಂಬುದು ಸ್ಪಷ್ಟವಾಯಿತು. ನಾಲ್ಕು ಇಂಚು ಎತ್ತಿಸಿದರೆ ನಾನು ಮನೆಯಲ್ಲೇ.

“ನಾ ಹ್ಯಾಂಗ ಹತ್ತಲಿ?” ಎಂದೆ.

“ಎತ್ತಿ ಕುಂಡ್ರಸ್ತೀನಿ ಬಿಡು.”

“ನಾ ಏನ್ ಶೇಂಗಾ ಚೀಲ ಏನಲೇ?”

ಒಂದು ಮಾತು ಮಧ್ಯದಲ್ಲಿ ಹೇಳಬೇಕು. ನಾನು ಹುಟ್ಟಿದ್ದು ಮುಂಡರಗಿ ಕಡೆ, ಮಸಾರಿ ಸೀಮೆಯಲ್ಲಿ. ಮಸಾರಿ ಎಂದರೆ ಕೆಂಪು ಮಣ್ಣು. ಎಷ್ಟು ಮಳೆ ಬಂದರೂ ಒಂದು ತಾಸಿನಲ್ಲಿ ನೀರು ಇಳಿದು, ಕಾಲು ತೊಳೆದುಕೊಂಡ ಹಾಗಿರುತ್ತದೆ. ಸೊರಟೂರಿಗೆ ಸೊಸೆಯಾಗಿ ಬಂದ ಮೊದಲ ಹಿಂಗಾರಿಯಲ್ಲಿ, ತವರಿನಿಂದ ಕೊಟ್ಟ ಹೊಸ ಚಪ್ಪಲಿ ಮೆಟ್ಟಿಕೊಂಡು ಡೌಲಿನಿಂದ ಹೊಲಕ್ಕೆ ಹೊರಟೆ. ಅತ್ತೆ ನೋಡಿ ದಾರಿ ಬಿಟ್ಟರು. ಎರೆ ಮಣ್ಣಿನಲ್ಲಿ ಹತ್ತು ಹೆಜ್ಜೆ ಇಟ್ಟೆ. ಹನ್ನೊಂದನೆಯದಕ್ಕೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕೈ ಹಾಕಿ ಹುಡುಕಿದರೆ ಅದು ಇದ್ದ ಗುರುತೇ ಇಲ್ಲ. ಎರಡು ವರ್ಷದ ಮೇಲೆ ನೇಗಿಲು ಹೊಡೆಯುವಾಗ ಸಿಕ್ಕಿತು. ಅತ್ತೆ ಅದನ್ನು ಎತ್ತಿ ಹಿಡಿದು, “ನೋಡವಾ, ನಿನ್ನ ಚಪ್ಪಲಿ ಮೊಳಕಿ ಒಡದೈತಿ” ಎಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ, ಅವರು ನಗುವ ಹೆಂಗಸಲ್ಲ.

ಅದೇ ವರ್ಷ ಮಾವನವರು ಹೊಸ ಚಕ್ಕಡಿ ಮಾಡಿಸಿದರು. ಬಡಿಗೇರ ಬಂದು ಕೂತ, ಎಲೆ ಅಡಿಕೆ ಹಾಕಿಕೊಂಡ, ಕಟ್ಟಿಗೆ ಮುಟ್ಟುವ ಮೊದಲು ಒಂದೇ ಮಾತು ಕೇಳಿದ. “ಎರಿಯೋ, ಮಸಾರಿಯೋ?” ಎರೆ ಎಂದರು ಮಾವ. ಹಾಗಾದರೆ ಗಾಲಿ ಎತ್ತರ ಇರಲಿ, ಅಗಲ ಬೇಡ ಎಂದ ಬಡಿಗೇರ. ಅಗಲ ಗಾಲಿ ಎರೆಯ ಮೇಲೆ ಉರುಳುವುದಿಲ್ಲ, ಎರೆಯನ್ನು ಹೊತ್ತುಕೊಳ್ಳುತ್ತದೆ. ತೆಳು ಗಾಲಿ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಹೊಸ ಸೊಸೆ ನಾನು, ಬಾಗಿಲ ಸಂದಿಯಲ್ಲಿ ನಿಂತು ಇಷ್ಟನ್ನೂ ಕೇಳಿಸಿಕೊಂಡಿದ್ದೆ. ಶಾಲೆಯಲ್ಲಿ ಎರಡನೆಯ ಇಯತ್ತೆಯವರೆಗೆ ಕಲಿತದ್ದು ಒಂದೂ ನೆನಪಿಲ್ಲ, ಇದು ಮಾತ್ರ ಇದೆ.

ಹಾಗಾಗಿ ಈರಣ್ಣ ಗದಗಿಗೆ ಹೊರಟಾಗ ನಾನೂ ಹೊರಟೆ. ಹಿಂದಿನ ದಿನ ಕಳೆ ಕೀಳಲು ಹೋದ ಗಂಗವ್ವನಿಗೆ ಹೇಳಿ, ದಿಣ್ಣೆಯ ಎತ್ತರ ಅಳೆಸಿಕೊಂಡಿದ್ದೆ. ಕೊರಕಲಿನಲ್ಲಿ ಕಣಿಕೆ ನಿಲ್ಲಿಸಿ, ದಿಣ್ಣೆಯ ನೆತ್ತಿಗೆ ಸರಿಯಾಗಿ ಮುರಿದು ತಂದಳು. ನಮ್ಮಲ್ಲಿ ಅಳತೆ ಅಂದರೆ ಕಣಿಕೆಯೇ. ಬಾಗಿಲ ಚೌಕಟ್ಟಿಗೂ ಅದೇ, ತೊಟ್ಟಿಲ ಹಗ್ಗಕ್ಕೂ ಅದೇ. ಬೆಳಿಗ್ಗೆ ಹೊರಡುವಾಗ ಈರಣ್ಣನೇ ಅದನ್ನು ತಂದು ಜೀಪಿನಲ್ಲಿ ಹಾಕಿದ. ನಾನು ಇನ್ನೊಂದು ಸಾಮಾನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾಲ ಹತ್ತಿರ ಇಟ್ಟುಕೊಂಡೆ.

“ಏನದು?”

“ನಿನ್ನ ಕೆಲಸ ನೀ ನೋಡು.”

ಗ್ಯಾರೇಜು ಬೆಟಗೇರಿಯಲ್ಲಿ. ದಾವಲಸಾಬ ಎಂದು ಅದರ ಯಜಮಾನ. ಅರವತ್ತು ದಾಟಿದ ಮನುಷ್ಯ, ನಮ್ಮ ಟ್ರ್ಯಾಕ್ಟರ್ ಅವನ ಕೈಯಲ್ಲೇ ಮುದಿಯಾದದ್ದು.

“ಬರ್ರಿ ಅವ್ವಾರ, ಕುಂಡ್ರಿ. ಏನ್ ಈರಣ್ಣ, ಹೊಸಾ ಗಾಡಿಗೆ ಆಗಲೇ ಜಡ್ಡು ಬಂತೇನು?”

“ಜಡ್ಡಿಲ್ಲ ಸಾಬರ. ಎತ್ತರ ಮಾಡಬೇಕು, ನಾಕ ಇಂಚ. ಮತ್ತ ಇಷ್ಟ ಅಗಲದ ಟೈರ್ ಹಾಕಬೇಕು.” ಈರಣ್ಣ ಎರಡೂ ಕೈ ಅಗಲಿಸಿದ.

“ಟೈರ್ ಏನದು, ಹಾಸೂ ಕೌದಿ ಏನು?” ಎಂದೆ ನಾನು.

ಹಳೆಯ ಸ್ಪ್ರಿಂಗು, ಶಾಕು ತೆಗೆದು ಉದ್ದನೆಯವು ಹಾಕಿದರೆ ಗಾಡಿಯ ಮೈ ಮೇಲೇಳುತ್ತದೆ ಎಂದು ದಾವಲಸಾಬ ವಿವರಿಸಿದ. ಜೀಪನ್ನು ಎತ್ತಿ ನಿಲ್ಲಿಸಿದ್ದರಿಂದ ನನಗೆ ಕುರ್ಚಿಯಲ್ಲಿ ಕೂತಲ್ಲೇ ಹೊಟ್ಟೆ ಕಾಣುತ್ತಿತ್ತು. ಹಿಂದಿನ ಎರಡು ಗಾಲಿಗಳ ನಡುವೆ ಅಚ್ಚಿಗೆ ಅಂಟಿಕೊಂಡು ಕುಂಬಳಕಾಯಿಯಂಥ ಕಬ್ಬಿಣದ ಗಡ್ಡೆ. ಎಲ್ಲಕ್ಕಿಂತ ಕೆಳಗೆ ಜೋತದ್ದು ಅದೇ. ದಿಣ್ಣೆಗೆ ಮೊದಲು ಬಡಿಯುವುದೂ ಅದೇ.

“ದಾವಲಸಾಬ, ಸ್ಪ್ರಿಂಗ್ ಉದ್ದಂದು ಹಾಕಿದರ ಆ ಗಡ್ಡಿನೂ ಮ್ಯಾಲೆ ಹೋಗತೈತೇನು?”

ಅವನು ಕೈ ಒರೆಸಿಕೊಳ್ಳುತ್ತಿದ್ದವನು ನಿಂತ. “ಇಲ್ರಿ. ಮೈ ಅಷ್ಟ ಏಳತೈತಿ. ಗಡ್ಡಿ ಎಲ್ಲೈತಿ ಅಲ್ಲೇ.”

“ಅದನ್ನ ಎತ್ತೂದು ಯಾವುದು ಮತ್ತ?”

“ಗಾಲಿ. ಗಾಲಿ ದೊಡ್ಡದಾದರ ಅದು ಮ್ಯಾಲೆ ಬರತೈತಿ.”

“ಚಕ್ಕಡಿ ಇದ್ದಾಂಗ. ಹಲಗಿ ಎಷ್ಟ ಎತ್ತರ ಮಾಡಿದರೂ ಅಚ್ಚು ಏಳೂದಿಲ್ಲ.”

“ಅಷ್ಟ ನೋಡ್ರಿ. ಇದನ್ನ ಮಂದಿಗೆ ತಿಳಿಸಿ ಹೇಳಾಕ ನನಗ ಅರ್ಧಾ ತಾಸ ಬೇಕಾಗತೈತಿ.” ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ ಕೇಳಿದ, “ನಿಮ್ಮ ಹೊಲ ಎರಿಯೋ ಮಸಾರಿಯೋ, ಅವ್ವಾರ?”

ಆ ಮಾತು ಕೇಳಿ ನನಗೆ ಜೀವ ಹಗುರವಾಯಿತು. ಬಡಿಗೇರ ಸತ್ತು ಯಾವ ಕಾಲವಾಯಿತೋ, ಅವನ ಪ್ರಶ್ನೆ ಇನ್ನೂ ಇದೆ.

ಕಣಿಕೆ ಕೊಟ್ಟೆ. ದಾವಲಸಾಬ ಜೀಪನ್ನು ಕೆಳಗಿಳಿಸಿ, ಮಲಗಿಕೊಂಡು, ಗಡ್ಡೆಯ ಕೆಳಗೆ ಕಣಿಕೆ ನಿಲ್ಲಿಸಿದ. ಆರಾಮಾಗಿ ನಿಂತಿತು. ಮೇಲೆ ಜಾಗವೂ ಉಳಿಯಿತು.

“ಏನೂ ಮಾಡೂದು ಬ್ಯಾಡ. ಇದ್ದಾಂಗ ಹೋಗತೈತಿ.”

ಈರಣ್ಣನ ಮುಖ ಬಾಡಿದ ಬದನೆಕಾಯಿ ಆಯಿತು. ನನಗೋ ಎದ್ದು ಕುಣಿಯಬೇಕೆನಿಸಿತು. ಎತ್ತರ ಮಾಡುವುದಿಲ್ಲ, ಹಿಡಿಕೆ ಹಿಡಿದು ಹತ್ತುತ್ತೇನೆ, ಹೊಲಕ್ಕೆ ಹೋಗುತ್ತೇನೆ, ಮುಗಿಯಿತು. ಚಹಾ ಬಂತು. ಕಪ್ಪು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕಣಿಕೆ ಇಸಿದುಕೊಂಡು ನೋಡಿದೆ. ಒಂದು ತುದಿ ನೆಟ್ಟಗೆ ಮುರಿದಿತ್ತು. ಇನ್ನೊಂದು ತುದಿ ನಾರು ನಾರು.

ನನಗೆ ತಕ್ಷಣ ತಿಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಕಪ್ಪು ಚಹಾ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಹತ್ತಲು ಬಂದರೆ ಸಾಕೇ, ಹೊಲ ಮುಟ್ಟಬೇಡವೇ ಎನ್ನುವುದು ಉಳಿದರ್ಧ ಕಪ್ಪಿನಲ್ಲಿ ಹೊಳೆಯಿತು.

“ಈರಣ್ಣ, ಗಂಗವ್ವಗ ಫೋನ್ ಹಚ್ಚು. ಎಲ್ಲಾರಿಗೂ ಕೇಳೂಹಂಗ ಹಚ್ಚು.”

ಗಂಗವ್ವ ಎತ್ತಿದಳು.

“ಈ ಕಣಿಕಿ ತಂದು ಎಲ್ಲಿ ಇಟ್ಟಿದ್ದಿ?” ಎಂದು ಕೇಳಿದೆ.

“ದನದ ಮನ್ಯಾಗ ಗ್ವಾಡಿಗೆ ಆನಿಸಿ ಇಟ್ಟಿದ್ನಿರಿ ಅತ್ತಿ.”

“ಎಮ್ಮಿ ಎಲ್ಲಿತ್ತು?”

“ಎಮ್ಮಿ ಮತ್ತೆಲ್ಲಿ ಇರತೈತ್ರಿ?”

“ಕಣಿಕಿಗೆ ಎಷ್ಟ ಗೆಣ್ಣು ಇದ್ದುವು?”

“ಎರಡ. ಎರಡನೇ ಗೆಣ್ಣಿಗೇ ಮುರದಿದ್ನಿ, ನೆನಪೈತಿ.”

“ಈಗ ಒಂದ ಐತಿ.”

“ಅಯ್ಯ ನನ ಶಿವನ,” ಎಂದಳು ಗಂಗವ್ವ. ಆಮೇಲೆ ದೂರದಿಂದ ಅವಳು ಎಮ್ಮೆಯನ್ನು ಬೈಯುವುದು ಕೇಳಿಸಿತು.

ದಾವಲಸಾಬ ಗೋಡೆ ಹಿಡಿದುಕೊಂಡು ನಕ್ಕ. “ಇಷ್ಟ ವರ್ಷದಾಗ ಎಮ್ಮಿ ತಿಂದ ಅಳತಿ ಇದ ಮೊದಲ ನೋಡಿದ್ದು. ಅವ್ವಾರ, ಅದಕ್ಕೊಂದು ಟೇಪ್ ಕೊಡಸ್ರಿ.”

ಉಳಿದ ಗೆಣ್ಣಿನ ಅಂತರ ನೋಡಿ ತಿಂದುಹೋದದ್ದನ್ನು ಲೆಕ್ಕ ಹಾಕಿದ. ಖರೆ ಅಳತೆಗೆ ಗಡ್ಡೆ ಎರಡು ಬೆರಳು ದಿಣ್ಣೆಯೊಳಗೆ ಹೂತುಕೊಳ್ಳುತ್ತಿತ್ತು. ಎತ್ತರದ ಗಾಲಿ ಹಾಕಿದರೆ ಒಂದು ಇಂಚು ಸಿಗುತ್ತದೆ, ಉಳಿದ ಚೂರಿಗೆ ಹಸಿ ಮಣ್ಣೇ ದಾರಿ ಬಿಡುತ್ತದೆ ಎಂದ. ಆದರೆ ಎತ್ತರದ ಗಾಲಿ ಮೇಲಿನ ತಗಡಿಗೆ ಉಜ್ಜುತ್ತದೆ. ಉಜ್ಜಬಾರದೆಂದರೆ ಮೈಯನ್ನು ಎರಡು ಇಂಚು ಎತ್ತಲೇಬೇಕು.

ಎರಡೂ ಒಂದೂ ಕೂಡಿಸಿದರೆ ಮೂರು. ಅಷ್ಟು ಲೆಕ್ಕ ನನಗೂ ಬರುತ್ತದೆ. ನಾಲ್ಕು ಇಂಚು ಬೇಡವೆಂದು ಜಗಳ ತೆಗೆದು ಬಂದವಳು ನನ್ನ ಕೈಯಾರೆ ಮೂರು ಇಂಚಿಗೆ ಬಂದು ನಿಂತಿದ್ದೆ.

“ಹಾಕು,” ಎಂದೆ.

“ನೀವು ಹ್ಯಾಂಗ ಹತ್ತತೀರಿ, ಅವ್ವಾರ? ಬಾಜೂಕ ಕಬ್ಬಿಣದ ಪಾವಟಿಗಿ ಕೂಡಿಸ್ಲೇನು?”

“ಹೊಟ್ಟಿ ಎತ್ತರ ಮಾಡಿ ಬಾಜೂಕ ಮತ್ತ ತಗಡ ಇಳಿಬಿಡತೀಯೇನು? ಮಣ್ಣಾಗ ಸಿಗತೈತಿ ಅದು. ಹತ್ತೂದು ನನ್ನ ಮೊಣಕಾಲಿನ ಪಂಚಾಯ್ತಿ. ನೀ ಗಾಡಿ ನೋಡು.”

ಟೈರಿನ ಅಂಗಡಿ ಗದಗಿನ ದೊಡ್ಡ ರಸ್ತೆಯಲ್ಲಿ. ಅಂಗಡಿಯವರು ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮಾತು ಬಲು ನಯ. ಮೂರು ನಮೂನೆ ಉರುಳಿಸಿ ತಂದು ಗೋಡೆಗೆ ನಿಲ್ಲಿಸಿದರು. ಒಂದರ ಮೈಮೇಲೆ ಸಣ್ಣ ಸಣ್ಣ ಕಚ್ಚು, ರಸ್ತೆಗೂ ಹೊಲಕ್ಕೂ ಆಗುತ್ತದಂತೆ. ಒಂದು ಈರಣ್ಣನ ಕೌದಿ. ಇನ್ನೊಂದು ಎತ್ತರ, ತೆಳ್ಳಗೆ, ದಪ್ಪ ದಪ್ಪ ರಬ್ಬರ್ ಹಲ್ಲುಗಳ ನಡುವೆ ನನ್ನ ಮೂರು ಬೆರಳು ಹೋಗುವಷ್ಟು ಸಂದು.

ಈರಣ್ಣ ಕೌದಿಯ ಮೇಲೆ ಕೈ ಇಟ್ಟ. ನಾನು ತೆಳ್ಳಗಿನದರ ಮೇಲೆ ಇ‌ಟ್ಟೆ.

“ಯವ್ವಾ, ಅಗಲ ಇದ್ದರ ಮಣ್ಣಿನ ಮ್ಯಾಲೆ ತೇಲತೈತಿ.”

“ಮಾಗಡಿ ಕೆರಿ ದಂಡ್ಯಾಗ ಕೊಕ್ಕರಿ ನೋಡಿಯಿಲ್ಲ? ಕಾಲು ಹೆಂಗ ಅದಾವ? ಕಡ್ಡಿ ಇದ್ದಾಂಗ. ಎಂದರ ಸಿಕ್ಕೊಂಡೈತೇನು?”

“ಅದ ಕೆರ್ಯಾಗ ಬಾತುನೂ ಬರತಾವ. ಅವುಗಳ ಕಾಲು ಅಗಲ ಅದಾವಲ್ಲ?”

“ಬಾತು ನೀರಾಗ ಇರತಾವಲೇ. ಕೆಸರಾಗ ನಡ್ಯಾಕ ಹಚ್ಚಿ ನೋಡು, ಹೆಂಗ ಹೊಳ್ಳಾಡತಾವ.”

ಅಂಗಡಿಯವರು ಇಬ್ಬರನ್ನೂ ನೋಡುತ್ತ, ಯಾವ ಪಕ್ಷ ಹಿಡಿದರೆ ವ್ಯಾಪಾರ ಜಲ್ದಿ ಮುಗಿದೀತು ಎಂದು ತೂಗುತ್ತಿದ್ದರು. ನಾನು ಪ್ಲಾಸ್ಟಿಕ್ ಚೀಲ ಬಿಚ್ಚಿದೆ. ಒಳಗೆ ಬನ್ನಿಗಿಡದ ಹೊಲದ ಎರೆ ಮಣ್ಣು. ಒಂದು ತಂಬಿಗೆ ನೀರು ಕೇಳಿದೆ. ಕುಡಿಯಲಿಕ್ಕೆ ಎಂದು ತಿಳಿದು ತಂದುಕೊಟ್ಟರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ನೀರು ಹಾಕಿ, ರೊಟ್ಟಿ ಹಿಟ್ಟಿನ ಹಾಗೆ ನಾದಿದೆ. ಒಂದು ಉಂಡೆ ಮಾಡಿ ಮೊದಲ ಟೈರಿನ ಸಂದಿಗೆ ಮೆತ್ತಿದೆ.

“ಅವ್ವಾರ, ಹೊಸಾ ಟೈರ್ ರೀ ಅವು.”

“ಹೊಸಾವ ಹೊಲಕ್ಕ ಹೋಗೂವು.”

ಮೂರಕ್ಕೂ ಮೆತ್ತಿದೆ. ಆಮೇಲೆ ಈರಣ್ಣನಿಗೆ ಹೇಳಿ, ಒಂದೊಂದನ್ನೇ ಎತ್ತಿ ನೆಲಕ್ಕೆ ಕುಕ್ಕಿಸಿದೆ. ಸಣ್ಣ ಕಚ್ಚಿನದು ಮಣ್ಣನ್ನು ಬಿಡಲೇ ಇಲ್ಲ, ಕಚ್ಚೆಲ್ಲ ತುಂಬಿ ನುಣ್ಣಗೆ ಬೋಳಾಯಿತು. ಕೌದಿಯದು ಅರ್ಧ ಬಿಟ್ಟು ಅರ್ಧ ಹಿಡಿದುಕೊಂಡಿತು. ತೆಳ್ಳಗಿನದನ್ನು ಕುಕ್ಕಿದೊಡನೆ ಉಂಡೆ ಪಟಪಟನೆ ಉದುರಿ ಅಂಗಡಿಯವರ ಕಾಲ ಬಳಿ ಬಿತ್ತು. ಆಚೆ ಅಂಗಡಿಯ ಇಬ್ಬರು ಬಂದು ನಿಂತಿದ್ದರು. ಅವರಲ್ಲಿ ಒಬ್ಬ, ತನ್ನದು ಶಿರಹಟ್ಟಿ ಕಡೆ ಹೊಲ ಎಂದು ಹೇಳಿ, ತನಗೂ ಅಂಥದೇ ಬೇಕೆಂದು ಅಂಗಡಿಯವರನ್ನು ಕೇಳಿದ. ಅಂಗಡಿಯವರು ನನಗೆ ಕುರ್ಚಿ ಹಾಕಿಸಿದರು.

ಈರಣ್ಣ ರೊಕ್ಕ ಎಣಿಸಿ ಕೊಟ್ಟ. ಐದು ಟೈರು, ನಾಲ್ಕು ಕೆಳಗೆ, ಒಂದು ಬೆನ್ನಿಗೆ. ದಾರಿಯಲ್ಲಿ ಮಾತ್ರ, “ಲಕ್ಷ್ಮೇಶ್ವರದಾಗ ಇದನ್ನ ಯಾರೂ ತಿರುಗಿ ನೋಡೂದಿಲ್ಲ,” ಎಂದ.

“ಬನ್ನಿಗಿಡ ನೋಡತೈತಿ ಬಿಡು.”

ಎರಡು ದಿನದ ಮೇಲೆ ಜೀಪು ಮನೆಗೆ ಬಂತು. ಎತ್ತರ ನಿಂತಿತ್ತು, ಕಾಲು ಉದ್ದ ಬೆಳೆದ ಕರುವಿನ ಹಾಗೆ. ಚೆಂದವೇ ಇತ್ತು, ಒಪ್ಪಿಕೊಳ್ಳುತ್ತೇನೆ. ಹತ್ತಲು ಹೋದೆ. ಆಗಲಿಲ್ಲ. ಕಾಲು ನಾಲ್ಕು ಬೆರಳು ಕೆಳಗೇ ಉಳಿಯಿತು. ಎರಡು ಸಲ, ಮೂರು ಸಲ ನೋಡಿದೆ. ಈರಣ್ಣ ಬಾಯಿ ತೆರೆದ. ನಾನು ಅವನ ಕಡೆ ನೋಡಿದೆ. ಬಾಯಿ ಮುಚ್ಚಿದ.

ಪಂಚಮಿಯ ಜೋಕಾಲಿ ಅಟ್ಟದ ಮೇಲಿತ್ತು. ಅದರ ಮಣೆ ತೆಗೆಸಿ, ಹಗ್ಗ ಗಿಡ್ಡ ಮಾಡಿ, ಜೀಪಿನ ಒಳಗಿನ ಹಿಡಿಕೆಗೆ ಕಟ್ಟಿಸಿದೆ. ಮಣೆ ಬಾಗಿಲ ಕೆಳಗೆ ಇಳಿಬಿದ್ದಿತು. ಗಂಗವ್ವ ಹಿಡಿದುಕೊಂಡಳು, ಎಡಗಾಲು ಮಣೆಗೆ, ಬಲಗಾಲು ಒಳಗೆ. ಹತ್ತಿಬಿಟ್ಟೆ. ಹಗ್ಗ ಬಿಚ್ಚಿ ಮಣೆ ಒಳಗೆ ಎಳೆದುಕೊಂಡರೆ ಆಯಿತು. ಮದುವೆಗೆ ಮುಂಚೆ ಜೋಕಾಲಿ ಜೀಕುತ್ತಿದ್ದೆವಲ್ಲ, ಅದಕ್ಕಿಂತ ಹೆಚ್ಚು ಖುಷಿ ಆವತ್ತು ಆ ಮಣೆಯ ಮೇಲೆ ಒಂದು ಕಾಲು ಇಟ್ಟಾಗ ಆಯಿತು.

ಹುಣ್ಣಿಮೆಗೆ ಮುಂಚೆ ಎರಡು ದಿನ ಮಳೆ ಹಿಡಿಯಿತು. ನಾನು ಮನಸ್ಸಿನಲ್ಲೇ ಇನ್ನೂ ಹೊಡಿ ಎಂದೆ. ಒಣದಾರಿಯಲ್ಲಿ ಹೋದರೆ ಏನು ಬಂತು? ಹುಣ್ಣಿಮೆ ಬೆಳಿಗ್ಗೆ ಬುಟ್ಟಿ ತುಂಬಿ, ಮೇಲೆ ಬಿಳಿ ಅರಿವೆ ಕಟ್ಟಿ, ಗಂಗವ್ವ ಹಿಂದೆ ಕೂತಳು. ಮಣೆ ಮೆಟ್ಟಿ ನಾನು ಮುಂದೆ ಕೂತೆ. ಹೊರಡುವ ಗದ್ದಲದಲ್ಲಿ ಅವರಿವರು ಹಗ್ಗ ಬಿಚ್ಚಿದರು, ಬಾಗಿಲು ಹಾಕಿದರು, ನಡಿ ನಡಿ ಎಂದರು.

ಡಾಂಬರು ಮುಗಿಯಿತು. ಈರಣ್ಣ ಗೇರಿನ ಪಕ್ಕದ ಯಾವುದೋ ಗುಬಟು ಹಿಡಿದು ಎಳೆದ, ನಾಲ್ಕೂ ಗಾಲಿ ಎಚ್ಚರಾದವು. ಹಿಂದಿನ ವರ್ಷ ಟ್ರ್ಯಾಕ್ಟರ್ ಹೂತ ತಿರುವು ಬಂತು. ಅಲ್ಲಿ ದಾರಿಯೇ ಇರಲಿಲ್ಲ, ಕರಿ ಹುಗ್ಗಿ ತುಂಬಿದ ಎರಡು ಕಾಲುವೆ. ಜೀಪು ಇಳಿಯಿತು. ಮುಂದಿನ ಗಾಜಿಗೆ ಮಣ್ಣು ಹಾರಿ ಬಿತ್ತು. ಗಂಗವ್ವ ಬುಟ್ಟಿ ತಬ್ಬಿಕೊಂಡು ಎಲ್ಲ ದೇವರ ಹೆಸರೂ ಹೇಳಿದಳು. ಹೊಟ್ಟೆಯ ಕೆಳಗೆ ಗರ್ರ್ ಎಂದು ಸವರಿದ ಸದ್ದು. ಗಡ್ಡೆ.

“ಒಂದ ಗಾಲಿ ದಿಣ್ಣಿ ಮ್ಯಾಲೆ ಹತ್ತಸು,” ಎಂದೆ.

“ಯವ್ವಾ, ಸುಮ್ಕಿರು, ವಾಲತೈತಿ.”

“ವಾಲಲಿ. ನಿಮ್ಮಪ್ಪ ಚಕ್ಕಡಿ ಹಂಗ ಹೊಡೀತಿದ್ದ. ಹತ್ತಸು.”

ಹತ್ತಿಸಿದ. ಜೀಪು ನನ್ನ ಕಡೆ ವಾಲಿತು, ನಾನು ಬಾಗಿಲಿಗೆ ಅಂಟಿಕೊಂಡೆ. ತೆಳ್ಳನೆಯ ಗಾಲಿ ಕೆಸರು ಸೀಳಿಕೊಂಡು ಕೆಳಗೆ ಎಲ್ಲೋ ಗಟ್ಟಿ ನೆಲ ಮುಟ್ಟಿದ್ದು ಸೀಟಿನ ಮೂಲಕ ನನ್ನ ಸೊಂಟಕ್ಕೆ ಗೊತ್ತಾಯಿತು. ಮಣ್ಣಿನ ಉಂಡೆಗಳು ಗಾಲಿಯಿಂದ ಕಿತ್ತು ತಗಡಿಗೆ ದಬದಬನೆ ಬಡಿಯುತ್ತಿದ್ದವು. ಅಷ್ಟು ಇಂಪಾದ ಸದ್ದು ನಾನು ಕೇಳಿಲ್ಲ. ಈರಣ್ಣ ನಲವತ್ತೈದರ ಗಂಡಸು, ಹತ್ತು ವರ್ಷದವನ ಹಾಗೆ ಹೋ ಎಂದು ಕೂಗಿದ. ನಾನೂ ಕೂಗಿದೆನಂತೆ. ಗಂಗವ್ವ ಹೇಳುತ್ತಾಳೆ, ನನಗೆ ನೆನಪಿಲ್ಲ.

ಬನ್ನಿಗಿಡ ಮುಟ್ಟಿದೆವು. ಬಾಗಿಲು ತೆಗೆದು, ಸೀಟಿನ ಮೇಲಿಂದ ಜಾರಿ ಇಳಿದೆ. ಇಳಿಯುವುದು ಸುಲಭ, ಭೂಮಿ ತಾನೇ ಎಳೆದುಕೊಳ್ಳುತ್ತದೆ. ಜೋಳ ಮೊಣಕಾಲೆತ್ತರ ಬಂದಿತ್ತು. ಐದು ಕಲ್ಲಿಗೆ ಪೂಜೆ ಮಾಡಿದೆವು. ಈರಣ್ಣ ಮುಂದೆ ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಿಕೊಂಡು ಹೋದ, ಗಂಗವ್ವ ಹಿಂದೆ ನೀರು ಹಾಕುತ್ತ ಹೋದಳು. ನಾನು ಗಿಡದ ಕೆಳಗೆ ನಿಂತು ಒಂದು ಹೋಳಿಗೆಯನ್ನು ಹಿಂದಿನ ವರ್ಷದ ಲೆಕ್ಕಕ್ಕೆ ಬೇರೆ ಇಟ್ಟೆ. ಅಷ್ಟೇ. ಆಮೇಲೆ ಮೂವರೂ ಕೂತು ಊಟ ಮಾಡಿದೆವು.

ಹೊರಡುವಾಗ ಗಂಗವ್ವ ಜೀಪಿನೊಳಗೆ ಬಗ್ಗಿ ಹುಡುಕಿದಳು. ಸೀಟಿನ ಕೆಳಗೆ ನೋಡಿದಳು, ಹಿಂದೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಲಿಲ್ಲ.

“ಮಣಿ ಎಲ್ಲೈತಿ?” ಎಂದ ಈರಣ್ಣ.

“ಅಂಗಳದಾಗ. ಹಗ್ಗ ಬಿಚ್ಚಿದವರು ಅಲ್ಲೇ ಇಟ್ಟಾರ.”

ಮೂವರೂ ಸ್ವಲ್ಪ ಹೊತ್ತು ಜೀಪನ್ನು ನೋಡಿದೆವು. ಅದು ನಾಲ್ಕು ಬೆರಳು ಎತ್ತರ ನಿಂತು ನಮ್ಮನ್ನು ನೋಡಿತು.

“ಈಗರ ಶೇಂಗಾ ಚೀಲ ಆಗತೀಯೇನು?” ಎಂದ ಈರಣ್ಣ. ನಗು ತಡೆದುಕೊಂಡಿದ್ದ, ಕಳ್ಳ.

“ಗಾಡಿನ ಒಡ್ಡಿಗೆ ತಂದು ನಿಂದರ್ಸು,” ಎಂದೆ.

ಹೊಲದ ಅಂಚಿನ ಒಡ್ಡು ನನ್ನ ಮಾವನವರು ಹಾಕಿದ್ದು, ಮೊಳದೆತ್ತರ, ಮೇಲೆ ಹುಲ್ಲು ಬೆಳೆದು ಗಟ್ಟಿಯಾಗಿತ್ತು. ಈರಣ್ಣ ಜೀಪನ್ನು ಅದರ ಪಕ್ಕಕ್ಕೆ ಒತ್ತಿ ನಿಲ್ಲಿಸಿದ. ನಾನು ಇಳಿಜಾರು ಇರುವ ಕಡೆಯಿಂದ ಒಡ್ಡು ಹತ್ತಿ, ಅದರ ಮೇಲೆ ನಡೆದುಕೊಂಡು ಬಂದು, ನಮ್ಮ ಮನೆಯ ಹೊಸ್ತಿಲು ದಾಟಿದ ಹಾಗೆ ಜೀಪಿನೊಳಗೆ ಕಾಲಿಟ್ಟು ಕೂತೆ. ಹಿಡಿಕೆಯನ್ನೂ ಹಿಡಿಯಲಿಲ್ಲ. ಬಾಗಿಲು ನಾನೇ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಜೀಪಿನ ಹೊಟ್ಟೆಗೂ ಗಾಲಿಯ ಮೇಲಿನ ತಗಡಿಗೂ ಹತ್ತಿದ್ದ ಎರೆ ಮಣ್ಣನ್ನು ಕುಡುಗೋಲಿನ ಬೆನ್ನಿನಿಂದ ಕೆರೆದು ಒಂದು ಬುಟ್ಟಿ ಮಾಡಿದೆ. ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲಿನ ಎರಡೂ ಕಲ್ಲುಗಳನ್ನು, ಗಾಲಿ ಉರುಳಿಸಿದ ಹಾಗೆ ಒಂದೊಂದಾಗಿ ಉರುಳಿಸಿಕೊಂಡು ಅಂಗಳಕ್ಕೆ ತಂದೆ. ಗಂಗವ್ವ ಕಸಬರಿಗೆ ಹಿಡಿದು ಬಂದವಳು ಅದನ್ನು ಬದಿಗಿಟ್ಟು ಮೇಲಿನ ಕಲ್ಲಿಗೆ ಕೈ ಕೊಟ್ಟಳು. ಒಂದರ ಮೇಲೊಂದು ಕೂಡಿಸಿ, ನಡುವೆ ಸುತ್ತಲೂ ಆ ಮಣ್ಣು ಮೆತ್ತಿ, ಮೇಲೆ ಗೋಣಿಚೀಲ ಹಾಸಿ, ಜೀಪಿನ ಬಾಗಿಲಿಗೆ ಸರಿಯಾಗಿ ಕಟ್ಟೆ ಕಟ್ಟಿದೆ. ಕಾಲಿಟ್ಟು ನೋಡಿದೆ, ಅಲ್ಲಾಡಲಿಲ್ಲ. ಹತ್ತಿ ಕೂತೆ. ಆಮೇಲೆ ಬಗ್ಗಿ ಹಾರ್ನಿನ ಮೇಲೆ ಅಂಗೈ ಇಟ್ಟು, ಈರಣ್ಣ ಲುಂಗಿ ಕಟ್ಟಿಕೊಳ್ಳುತ್ತ ಹೊರಗೆ ಓಡಿ ಬರುವವರೆಗೂ ತೆಗೆಯಲಿಲ್ಲ.